ಪೆಲಿಯನ್ ಬೆಟ್ಟದ ಕೈಗುಣ

ಬಟ್ಟಲಿನಲ್ಲಿ ತಿಳಿನೀರು. ಒಣಗಿದ ಲಾರೆಲ್ ಎಲೆಯೊಂದಕ್ಕೆ ಕಿಡಿ ತಾಗಿಸಿ, ಅದು ಉರಿಯುತ್ತಿರುವಾಗಲೇ ನೀರಿಗೆ ಅದ್ದುತ್ತಾರೆ. ಚುಂಯ್ ಎಂದು ಎಲೆ ಆರುತ್ತದೆ, ನೀರು ಮಡಿಯಾಗುತ್ತದೆ. ಆ ನೀರಿನಲ್ಲಿ ಕೈತೊಳೆದು, ಹಿಡಿ ಬಾರ್ಲಿ ಚೆಲ್ಲಿ, ಧೂಪ ಹಾಕಿ, ಮೊದಲು ಒಲೆಯ ದೇವತೆ ಹೆಸ್ಟಿಯಾಳನ್ನು ನೆನೆಯುತ್ತಾರೆ. ಆಮೇಲೆ ತಮಗೆ ಬೇಕಾದ ದೇವರ ಹೆಸರು ಹೇಳಿ ದ್ರಾಕ್ಷಾರಸವನ್ನೋ ಜೇನನ್ನೋ ಧಾರೆ ಎರೆಯುತ್ತಾರೆ. ಪುರಾತನ ಗ್ರೀಕ್ ದೇವರುಗಳನ್ನು ಇಂದು ಮತ್ತೆ ಆರಾಧಿಸುತ್ತಿರುವವರ ಮನೆಪೂಜೆಯ ರೀತಿ ಇದು. ಜೀಯಸ್, ಅಥೀನಾ ಮುಂತಾದ ದೊಡ್ಡ ದೇವರುಗಳ ಜೊತೆಗೆ ಇವರಲ್ಲಿ ಕೆಲವರು ಭಕ್ತಿಯಿಂದ ಕರೆಯುವ ಇನ್ನೊಂದು ಹೆಸರು ಕೈರಾನ್. ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಕುದುರೆ.

ಇಂಥ ಅಶ್ವಮಾನವರನ್ನು ಗ್ರೀಕರು ಸೆಂಟಾರ್ ಎನ್ನುತ್ತಿದ್ದರು. ಪುರಾಣಗಳಲ್ಲಿ ಅವರದು ಒರಟು ಕುಲ. ಮದುವೆಮನೆಯಲ್ಲಿ ಕುಡಿದು ವಧುವಿಗೇ ಕೈಹಾಕಿದವರು. ಕೈರಾನ್ ಆ ಕುಲಕ್ಕೆ ಸೇರಿದವನಲ್ಲ. ಕುದುರೆಯ ರೂಪ ತಾಳಿದ, ಜೀಯಸ್‌ನ ತಂದೆ ಕ್ರೋನಸ್‌ಗೂ ಸಾಗರಕನ್ಯೆ ಫಿಲಿರಾಳಿಗೂ ಹುಟ್ಟಿದವನು. ಹಳೆಯ ಮಡಕೆಗಳ ಮೇಲಿನ ಚಿತ್ರಗಳಲ್ಲಿ ಅವನಿಗೆ ಮುಂಗಾಲುಗಳು ಮನುಷ್ಯನವೇ. ಮೈತುಂಬ ಬಟ್ಟೆ, ಹೆಗಲ ಮೇಲೆ ಬೇಟೆಯ ಮೊಲ ತೂಗುವ ಕೊಂಬೆ. ಅವನ ಹೆಸರಿನಲ್ಲೇ ಕೈ ಎಂಬ ಅರ್ಥದ ಗ್ರೀಕ್ ಪದವಿದೆ ಎನ್ನುತ್ತಾರೆ. ವೈದ್ಯರ ಕೈಗುಣವನ್ನು ನಂಬುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಮರನ ಇಲಿಯಡ್ ಕಾವ್ಯದ 11ನೆಯ ಪರ್ವದಲ್ಲಿ ಒಂದು ಸನ್ನಿವೇಶ ಬರುತ್ತದೆ. ತೊಡೆಗೆ ಬಾಣ ನಾಟಿದ ಗ್ರೀಕ್ ಯೋಧ ಯೂರಿಪಿಲಸ್ ಕುಂಟುತ್ತಾ ಬಂದು, ಅವಸರದಲ್ಲಿ ಓಡುತ್ತಿದ್ದ, ವೀರ ಅಕಿಲೀಸ್‌ನ ಗೆಳೆಯ ಪ್ಯಾಟ್ರೋಕ್ಲಸ್‌ನನ್ನು ತಡೆದು ಅಂಗಲಾಚುತ್ತಾನೆ: ಅಕಿಲೀಸ್ ನಿನಗೆ ಕಲಿಸಿದ ಮದ್ದು ಹಾಕು, ಅವನಿಗೆ ಅದನ್ನು ಕಲಿಸಿದವನು ಕೈರಾನ್. ಕೈರಾನ್‌ನನ್ನು ಅಲ್ಲಿ ಸೆಂಟಾರರಲ್ಲೆಲ್ಲ ಅತ್ಯಂತ ನ್ಯಾಯವಂತನೆಂದು ಕರೆಯಲಾಗಿದೆ. ಪ್ಯಾಟ್ರೋಕ್ಲಸ್ ಬಾಣ ಕೊಯ್ದು ತೆಗೆದು, ಬೆಚ್ಚಗಿನ ನೀರಿನಲ್ಲಿ ರಕ್ತ ತೊಳೆದು, ಕಹಿಬೇರೊಂದನ್ನು ಅಂಗೈಯಲ್ಲಿ ಉಜ್ಜಿ ಗಾಯಕ್ಕಿಡುತ್ತಾನೆ. ನೋವು ಇಳಿಯುತ್ತದೆ.

ನ್ಯಾಯ ಎಂದರೆ ನಮಗೆ ತಕ್ಕಡಿ, ಕತ್ತಿ, ಕಟಕಟೆ ನೆನಪಾಗುತ್ತವೆ. ಇಲ್ಲಿ ಆ ಮಾತು ಬಂದಿರುವುದು ಮದ್ದಿನ ಬೇರಿನ ಜೊತೆಗೆ. ತನ್ನ ಕೈಗೆ ಬಂದದ್ದನ್ನು ಅದು ಬೇಕಾದ ಕೈಗೆ ದಾಟಿಸುವುದೇ ಕೈರಾನ್‌ನ ನ್ಯಾಯ. ಅಕಿಲೀಸ್, ಜೇಸನ್, ಮುಂದೆ ವೈದ್ಯದೇವತೆಯಾದ ಅಸ್ಕ್ಲೀಪಿಯಸ್ ಎಲ್ಲರೂ ಅವನ ಗುಹೆಯಲ್ಲಿ ಕಲಿತವರು.

ಆ ಗುಹೆ ಇದ್ದದ್ದು ಪೆಲಿಯನ್ ಬೆಟ್ಟದಲ್ಲಿ. ಇಂದಿನ ವೋಲೋಸ್ ನಗರದ ಪಕ್ಕದ, ಸುಮಾರು 1,600 ಮೀಟರ್ ಎತ್ತರದ, ಗಿಡಮೂಲಿಕೆಗಳಿಗೆ ಹೆಸರಾದ ಬೆಟ್ಟ ಅದು. ಸುತ್ತಲಿನ ಮ್ಯಾಗ್ನೀಸಿಯಾದ ಜನ ಕೈರಾನ್‌ನನ್ನು ಮೊದಲ ವೈದ್ಯನೆಂದು ನಂಬಿ ಅವನಿಗೆ ಮೊದಲ ಬೆಳೆಯ ಕಾಣಿಕೆ ಒಪ್ಪಿಸುತ್ತಿದ್ದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅದಕ್ಕೂ ಹಿಂದಿನ ಬರಹವೊಂದು ಅಲ್ಲಿನ ಒಂದು ಮನೆತನದ ಬಗ್ಗೆ ಹೇಳುತ್ತದೆ. ತಾವು ಕೈರಾನ್‌ನ ವಂಶದವರೆನ್ನುತ್ತಿದ್ದ ಅವರು ಮದ್ದಿನ ಗುಟ್ಟನ್ನು ಅಪ್ಪನಿಂದ ಮಗನಿಗೆ ಕೊಡುತ್ತಾ ಬಂದವರು. ರೋಗಿಯಿಂದ ಕೂಲಿ ಪಡೆಯುವುದು ಅವರಿಗೆ ಅಧರ್ಮ. ಚಿಕಿತ್ಸೆ ಪುಕ್ಕಟೆಯಾಗಿಯೇ ಆಗಬೇಕು. ದುಡ್ಡು ಮುಟ್ಟಿದರೆ ಮದ್ದು ಹಿಡಿಯುವುದಿಲ್ಲ ಎನ್ನುವ ನಮ್ಮ ನಾಟಿ ವೈದ್ಯರಿಗೆ ಆ ಮನೆತನ ಪರಕೀಯ ಅನ್ನಿಸಲಾರದು.

ಕೊಡುವುದರಲ್ಲಿ ಕೈರಾನ್ ಕೊನೆಯವರೆಗೂ ಹಿಂಜರಿಯಲಿಲ್ಲ. ಹೆರಾಕ್ಲೀಸ್‌ನ ವಿಷದ ಬಾಣ ಅಕಸ್ಮಾತ್ತಾಗಿ ಅವನಿಗೆ ತಗುಲಿತು. ಎಷ್ಟೋ ಜನರನ್ನು ಗುಣಪಡಿಸಿದವನಿಗೆ ತನ್ನ ಗಾಯ ಮಾಯಿಸಲಾಗಲಿಲ್ಲ. ಅಮರನಾದ್ದರಿಂದ ಸಾವೂ ಬರಲಿಲ್ಲ. ಕಡೆಗೆ ಅಮರತ್ವವನ್ನೇ ತ್ಯಜಿಸಿದ. ಅದರಿಂದ, ಮನುಷ್ಯರಿಗೆ ಬೆಂಕಿ ತಂದುಕೊಟ್ಟದ್ದಕ್ಕೆ ಜೀಯಸ್ ಬಂಡೆಗೆ ಬಿಗಿದಿದ್ದ ಪ್ರಮೀಥಿಯಸ್‌ಗೆ ಬಿಡುಗಡೆಯಾಯಿತು.

4ನೆಯ ಶತಮಾನದ ಕೊನೆಗೆ ರೋಮ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರುಗಳ ಪೂಜೆಯನ್ನು ನಿಷೇಧಿಸಿದ. ಆ ದೇವರುಗಳನ್ನು ಮತ್ತೆ ಮನೆಗೆ ಕರೆತಂದವರೂ ನ್ಯಾಯಕ್ಕಾಗಿ ಬಹಳ ಕಾಯಬೇಕಾಯಿತು. ಮೂಲ ಹೆಲೆನಿಕ್ ಧರ್ಮದವರ ಪರಮೋಚ್ಚ ಮಂಡಳಿ ವೈಎಸ್‌ಇಇ 1997ರಲ್ಲಿ ಹುಟ್ಟಿತು. 2007ರ ಜನವರಿಯಲ್ಲಿ ಎಲಿನಾಯ್ಸ್ ಎಂಬ ಇನ್ನೊಂದು ಗುಂಪಿನವರು ಅಥೆನ್ಸ್‌ನ ಒಲಿಂಪಿಯನ್ ಜೀಯಸ್ ದೇಗುಲದ ಹಾಳುಗಂಬಗಳ ಎದುರು ಪ್ರಾರ್ಥನೆ ಸಲ್ಲಿಸಿದರು. ಗ್ರೀಸ್ ಸರ್ಕಾರ ಈ ಧರ್ಮಕ್ಕೆ ಅಧಿಕೃತ ಮಾನ್ಯತೆ ಕೊಟ್ಟದ್ದು 2017ರಲ್ಲಿ.

ಜೀಯಸ್ ಕೈರಾನ್‌ನನ್ನು ಆಕಾಶದಲ್ಲಿ ಸೆಂಟಾರಸ್ ನಕ್ಷತ್ರಪುಂಜವಾಗಿ ಇರಿಸಿದನೆಂದು ಕತೆ. ಮೇ ಕೊನೆಯಲ್ಲಿ ಮೋಡವಿಲ್ಲದ ರಾತ್ರಿ ಹತ್ತರ ಸುಮಾರಿಗೆ ಕರ್ನಾಟಕದ ಯಾವ ಬಯಲಲ್ಲಾದರೂ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ತ್ರಿಶಂಕು ನಕ್ಷತ್ರಪುಂಜದ ಎಡಕ್ಕೆ, ದಿಗಂತಕ್ಕೆ ಹತ್ತಿರದಲ್ಲಿ ಎರಡು ಪ್ರಖರ ತಾರೆಗಳು ಕಾಣುತ್ತವೆ. ಅವೇ ಅವನ ಮುಂಗಾಲುಗಳು. ಅವುಗಳಲ್ಲಿ ಹೆಚ್ಚು ಹೊಳೆಯುವ ಆಲ್ಫಾ ಸೆಂಟಾರಿ ಇಂದು ಪೆಲಿಯನ್ ಬೆಟ್ಟದಿಂದ ಕಾಣುವುದಿಲ್ಲ. ಅಲ್ಲಿ ಅದು ದಿಗಂತದ ಕೆಳಗೇ ಉಳಿದುಬಿಡುತ್ತದೆ. ತನ್ನೂರಿನವರಿಗೆ ಕಾಣದ ಅವನ ಪಾದ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಬೆಳಕಿಗೂ ಅವನು ಕೂಲಿ ಕೇಳುವುದಿಲ್ಲ.