ಹೊಳೆಯ ಎರಡು ದಡದ ಹೊತ್ತಿಗೆಗಳು

ಹೂವಿನಹಡಗಲಿ ತಾಲ್ಲೂಕಿನಲ್ಲಿ ಉತ್ತಂಗಿ ಎಂಬ ಊರಿದೆ. ಕನ್ನಡ ಸಾಹಿತ್ಯ ಓದಿದವರಿಗೆ ಊರಿಗಿಂತ ಮೊದಲು ನೆನಪಾಗುವುದು ಆ ಹೆಸರು ಹೊತ್ತ ಒಬ್ಬ ಪಾದ್ರಿ. ರೆವರೆಂಡ್ ಉತ್ತಂಗಿ ಚನ್ನಪ್ಪ ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಬೇರು ಮಾತ್ರ ಈ ಉತ್ತಂಗಿಯದು. ಭಾನುವಾರ ಸಭೆಯಲ್ಲಿ ಸುವಾರ್ತೆ ಸಾರುತ್ತಿದ್ದ ಇವರೇ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ವಿಂಗಡಿಸಿ, 1924ರಲ್ಲಿ ಪುಸ್ತಕ ಮಾಡಿದವರು. ಪಾದ್ರಿಯ ಮೇಜಿನ ಮೇಲೆ ಯಾವ ಯಾವ ಪುಸ್ತಕ ಇರಬೇಕು ಎಂಬ ಪ್ರಶ್ನೆಗೆ ಇವರ ಬದುಕೇ ಒಂದು ಉತ್ತರ. ಆದರೆ ಅಲ್ಲಿಗೆ ಬರುವ ಮೊದಲು ಮೇಜಿನ ಮೇಲಿನ ಮೊದಲ ಪುಸ್ತಕದ ಕಥೆ ಹೇಳಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷಕ್ಕೆ ಮತ್ತೆ ವಿಳಾಸ ಬದಲಿಸಿತು. ಹಿಂದೆ ಈ ಸೀಮೆಯೆಲ್ಲ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದ ನೆಲ ಇದು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿಳಿದ. ಅವನು ಹೋಗಬೇಕೆಂದಿದ್ದದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ನೆಲೆಸಲು ಆಗಲಿಲ್ಲ, ಬಳ್ಳಾರಿಯೇ ಗತಿಯಾಯಿತು. ಕನ್ನಡ ಬೈಬಲಿಗೆ ಬಳ್ಳಾರಿ ತವರಾದದ್ದು ಹೀಗೆ, ಅರ್ಧ ಆಕಸ್ಮಿಕವಾಗಿ.

ಹ್ಯಾಂಡ್ಸ್ ಬೈಬಲಿನ ಅನುವಾದ ಶುರುಮಾಡಿದಾಗ ಕನ್ನಡದಲ್ಲಿ ಅಚ್ಚಾದ ಪುಸ್ತಕವೇ ಇರಲಿಲ್ಲ. ಕನ್ನಡ ಅಚ್ಚುಮೊಳೆ ಬಳಸಿದ ಮೊದಲ ಪುಸ್ತಕ ಎಂದು ಹೆಸರಾದ ವಿಲಿಯಂ ಕೇರಿಯ ವ್ಯಾಕರಣ ಹೊರಬಂದದ್ದು 1817ರಲ್ಲಿ, ಅದೂ ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಅದೇ ಅಚ್ಚುಕೂಟಕ್ಕೆ 1812ರಲ್ಲಿ ಬೆಂಕಿ ಬಿದ್ದು ಹಸ್ತಪ್ರತಿ, ಮೊಳೆಗಳೆಲ್ಲ ಸುಟ್ಟಿದ್ದವು. ಶ್ರೀರಾಮಪುರದ ಕನ್ನಡ ಹೊಸ ಒಡಂಬಡಿಕೆ 1823ರಲ್ಲಿ ಬಂತಾದರೂ ಮುಂದೆ ನಡೆದ ದಾರಿ ಬಳ್ಳಾರಿಯ ಅನುವಾದದ್ದು. ಇಡೀ ಬೈಬಲು ಕನ್ನಡದಲ್ಲಿ ಮುಗಿಯುವ ಹೊತ್ತಿಗೆ 1831 ಬಂದಿತ್ತು. ಜೊತೆಗಾರ ವಿಲಿಯಂ ರೀವ್ ನಿಘಂಟು ಕಟ್ಟಿದ: ಇಂಗ್ಲಿಷ್‌–ಕನ್ನಡ 1824ರಲ್ಲಿ, ಕನ್ನಡ–ಇಂಗ್ಲಿಷ್ 1832ರಲ್ಲಿ. ಶಾಸ್ತ್ರ ಅನುವಾದಿಸಲು ಹೊರಟವರಿಗೆ ಮೊದಲು ಬೇಕಾದದ್ದು ಭಕ್ತಿಗಿಂತ ಪದಕೋಶ ಎಂದರೆ ತಪ್ಪಾಗಲಾರದು.

ಬಳ್ಳಾರಿಯಲ್ಲಿ ಅಚ್ಚುಕೂಟವೂ ಎದ್ದಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನ ಕಲ್ಲಚ್ಚಿನಲ್ಲಿ ತೆಗೆದದ್ದು ಎಲ್ಲರಿಗೂ ಗೊತ್ತು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮೊಳೆಯಚ್ಚಿನ ಅನುಕೂಲ ಆಗ ಇದ್ದದ್ದು ಬಳ್ಳಾರಿಯಲ್ಲಿ.

ಈ ತಾಲ್ಲೂಕುಗಳ ಪೂರ್ವಕ್ಕೆ ಬಳ್ಳಾರಿಯ ಲಂಡನ್ ಮಿಷನ್ ಇದ್ದರೆ, ತುಂಗಭದ್ರೆಯ ಆಚೆ ದಡದಲ್ಲಿ, ಬೊಂಬಾಯಿ ಪ್ರಾಂತದಲ್ಲಿ, ಬಾಸೆಲ್ ಮಿಷನ್ ಇತ್ತು. ಧಾರವಾಡದಲ್ಲಿ 1837ರಿಂದ, ಹುಬ್ಬಳ್ಳಿಯಲ್ಲಿ 1839ರಿಂದ, ಗದಗಿನ ಮಗ್ಗುಲ ಬೆಟಗೇರಿಯಲ್ಲಿ 1841ರಿಂದ. ಹಡಗಲಿ ಕಡೆಯ ಹಳ್ಳಿಯವರಿಗೆ ಹೊಳೆ ದಾಟಿದರೆ ಅದೇ ಹತ್ತಿರ. ಚನ್ನಪ್ಪನವರ ಮನೆತನ ಒಂದು ದಡದ್ದು, ಅವರ ಓದು ಮತ್ತು ಸೇವೆ ಇನ್ನೊಂದು ದಡದ್ದು.

ಬಾಸೆಲ್ ಮಿಷನ್ ಒಂದು ವಿಷಯವನ್ನು ಬೇಗ ಕಂಡುಕೊಂಡಿತು. ಇಲ್ಲಿನ ಜನ ಪುಸ್ತಕವನ್ನು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಓದುವವರಲ್ಲ. ಒಬ್ಬ ರಾಗವಾಗಿ ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ. ಗುಡಿ ಕಟ್ಟೆಯ ಮೇಲೆ ಜೈಮಿನಿ ಭಾರತ ಕೇಳಿ ಬೆಳೆದ ಕಿವಿಗೆ ಒಣಗದ್ಯದ ಕರಪತ್ರ ರುಚಿಸೀತೇ? ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲೇ ಬರೆದ. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಬೇಕು, ಕವಿ ಕಿಟ್ಟೆಲ್ ಯಾರಿಗೂ ಬೇಡ. ಇದು ಸ್ವಲ್ಪ ಅನ್ಯಾಯವೇ. ಜಾನ್ ಬನಿಯನ್ನನ ಪ್ರಸಿದ್ಧ ರೂಪಕ ಕಥೆ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದದ್ದೂ ಬಾಸೆಲ್ ಮಿಷನ್ನಿನವರ ಕೈಯಿಂದ, 1840ರ ದಶಕದ ಕೊನೆಯ ಭಾಗದಲ್ಲಿ. ಮೋಗ್ಲಿಂಗ್ ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದ. ನೆರೆಯವರು ಏನು ಓದುತ್ತಾರೆ ಎಂದು ತಿಳಿಯದ ಪಾದ್ರಿ ನೆರೆಯವರ ಜೊತೆ ಏನು ಮಾತಾಡಿಯಾನು?

ಚನ್ನಪ್ಪನವರು ಈ ಪ್ರಶ್ನೆಯನ್ನು ಮಿಷನರಿಗಳಿಗಿಂತ ಮುಂದಕ್ಕೆ ಒಯ್ದರು. ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಕಲಿತು, ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾದ್ರಿಯಾದರು. ಸರ್ವಜ್ಞನಿಗಾಗಿ ಓಲೆಗರಿ, ಹಳೆಯ ಪುಸ್ತಕ, ಜನರ ಬಾಯಿ ಎಲ್ಲವನ್ನೂ ಜಾಲಾಡಿ ಎರಡು ಸಾವಿರದಷ್ಟು ವಚನ ಕೂಡಿಸಿದರು. ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬ ಪುಸ್ತಕದ ಹೆಸರೇ ಅವರ ಧಾಟಿ ಹೇಳುತ್ತದೆ: ಅಪ್ಪಣೆಯಲ್ಲ, ವಿನಂತಿ. ಮುಂದೆ ಅನುಭವಮಂಟಪದ ಐತಿಹಾಸಿಕತೆಯ ಬಗ್ಗೆ, ಸಿದ್ಧರಾಮನ ಬಗ್ಗೆ ಬರೆದರು. ಉಜ್ಜಿನಿಯ ಪೀಠ, ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ ಇವುಗಳ ನಡುವೆ ಬದುಕುವ ಓದುಗನಿಗೆ ಈ ಪಾದ್ರಿಯ ಪುಸ್ತಕ ಹೊರಗಿನದು ಎನಿಸುವ ಮಾತೇ ಇಲ್ಲ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡ ಇವರನ್ನು ಕನ್ನಡ ಸಾಹಿತ್ಯ ಸಮ್ಮೇಳನ 1949ರಲ್ಲಿ ಕಲಬುರಗಿಯಲ್ಲಿ ಅಧ್ಯಕ್ಷರನ್ನಾಗಿ ಕೂರಿಸಿತು. 1962ರಲ್ಲಿ ತೀರಿಕೊಂಡರು.

ಇನ್ನು ಇಂದಿನ ಮೇಜಿಗೆ ಬರೋಣ. ಸಣ್ಣ ಊರಿನ ಸಭೆಯ ಪಾಸ್ಟರಿಗೆ ಬೇಕಾದದ್ದು ದೊಡ್ಡ ಪಟ್ಟಿಯೇನಲ್ಲ: ಸತ್ಯವೇದ, ಕೀರ್ತನೆ ಪುಸ್ತಕ, ಮದುವೆಗೂ ಮಣ್ಣಿಗೂ ಆರಾಧನೆಯ ಕ್ರಮ, ಸಂಡೇ ಸ್ಕೂಲಿನ ಪಾಠ, ಪ್ರಸಂಗಕ್ಕೆ ಕೂರುವಾಗ ತೆರೆಯಲು ಒಂದು ವ್ಯಾಖ್ಯಾನ, ಒಂದು ಬೈಬಲ್ ನಿಘಂಟು. ಮೊದಲೆರಡು ಸುಲಭ. ಸತ್ಯವೇದವನ್ನು ಬೈಬಲ್ ಸೊಸೈಟಿ ಕೈಗೆಟುಕುವ ಬೆಲೆಗೆ ಕೊಡುತ್ತದೆ. ಕೊನೆಯವು ಕಷ್ಟ. 2015ರಲ್ಲಿ ಬ್ರಯನ್ ವಿಂಟಲ್ ಸಂಪಾದಕತ್ವದಲ್ಲಿ ‘ಸೌತ್ ಏಷ್ಯಾ ಬೈಬಲ್ ಕಾಮೆಂಟರಿ’ ಬಂತು. ಇಡೀ ಬೈಬಲಿಗೆ ಒಂದೇ ಸಂಪುಟದ ವ್ಯಾಖ್ಯಾನ, ಬರೆದವರು ದಕ್ಷಿಣ ಏಷ್ಯಾದ ವಿದ್ವಾಂಸರೇ. ಆದರೆ ಅದು ಬಂದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇಂಥ ಪುಸ್ತಕ ಬೇಕೆಂದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಂಥ ಒಂದೆರಡು ಕಡೆಗೇ ನೋಡಬೇಕು. ಲೆಕ್ಕವೂ ಕನ್ನಡದ ಪರವಾಗಿಲ್ಲ. 2011ರ ಗಣತಿಯಂತೆ ರಾಜ್ಯದ ಕ್ರೈಸ್ತರು ಸುಮಾರು 11.4 ಲಕ್ಷ, ನೂರಕ್ಕೆ ಎರಡಕ್ಕೂ ಕಡಿಮೆ. ಅವರಲ್ಲೂ ಮನೆಮಾತು ಕೊಂಕಣಿ, ತುಳು, ತಮಿಳು, ಮಲಯಾಳ, ತೆಲುಗು ಆಗಿರುವವರು ಬಹಳ. ಕನ್ನಡದಲ್ಲೇ ಓದುವ ಪಾಸ್ಟರಿಗಾಗಿ ಐನೂರು ಪುಟ ಅಚ್ಚು ಹಾಕುವ ಪ್ರಕಾಶಕನ ಎದೆ ಗಟ್ಟಿಯಿರಬೇಕು.

ಇದ್ದ ಪುಸ್ತಕವೂ ಎಲ್ಲರದಾಗದು. ಪ್ರಾಟೆಸ್ಟೆಂಟರ ‘ಸುವಾರ್ತೆ’ ಕಥೋಲಿಕರಿಗೆ ‘ಶುಭಸಂದೇಶ’; ಅವರ ‘ಸಭೆ’ ಇವರ ‘ಧರ್ಮಸಭೆ’; ಅವರ ‘ಆರಾಧನೆ’ ಇವರ ‘ಬಲಿಪೂಜೆ’. ಒಂದೇ ಊರಿನ ಎರಡು ದೇವಾಲಯಗಳಲ್ಲಿ ಒಂದೇ ಕಥೆ ಎರಡು ಕನ್ನಡದಲ್ಲಿ ನಡೆಯುತ್ತದೆ. ಇದಲ್ಲದೆ, ‘ಐತಿ’, ‘ಹೊಂಟಾನ’ ಎನ್ನುವ ಬಾಯಿಗೆ ‘ಯಾಕಂದರೆ’ ಎಂದು ವಾಕ್ಯ ಎತ್ತಿಕೊಳ್ಳುವ ಹಳೆಯ ಮಿಷನರಿ ಗದ್ಯ ಇನ್ನೂ ಸ್ವಲ್ಪ ಬಿಗಿ. ಹಾಗೆಂದು ಅದನ್ನು ಬಿಡಲೂ ಮನಸ್ಸಿಲ್ಲ. ಅಜ್ಜಿ ಬಾಯಿಪಾಠ ಮಾಡಿಸಿದ ಕೀರ್ತನೆ ಅದೇ ಕನ್ನಡದಲ್ಲಿದೆ. ಹೊಸ ಅನುವಾದ ಎಷ್ಟು ತಿಳಿಯಾಗಿದ್ದರೂ ಕಿವಿ ಒಪ್ಪುವುದಿಲ್ಲ.

ಈಗ ಸತ್ಯವೇದ ಮೊಬೈಲಿನೊಳಗೂ ಇದೆ, ಓದಿ ಹೇಳುವ ಧ್ವನಿಯ ಸಮೇತ. ಅಕ್ಷರ ಬಾರದ ಹಿರಿಯರು ಪಡಸಾಲೆಯಲ್ಲಿ ಕೂತು ಕೇಳಬಹುದು, ಹಿಂದೆ ಕಟ್ಟೆಯ ಮೇಲೆ ಜೈಮಿನಿ ಕೇಳುತ್ತಿದ್ದ ಹಾಗೆ. ವ್ಯಾಖ್ಯಾನದ ಪುಸ್ತಕಕ್ಕೆ ಮಾತ್ರ ಹಡಗಲಿಯ ಪಾಸ್ಟರ್ ಇಂದಿಗೂ ಮಂಗಳೂರಿಗೋ ಬೆಂಗಳೂರಿಗೋ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಬೇಕು.