ಕ್ಯಾಮೆರಾ ಅಕ್ಷರ ಓದಬಲ್ಲದೇ? ಡಿಎಸ್‌ಎಲ್‌ಆರ್ ಚಿತ್ರದ ಗುಣಮಟ್ಟವನ್ನು ನಾವೇ ಪರೀಕ್ಷಿಸುವ ಬಗೆ



ಹೋದ ವರ್ಷ ಬೇಸಿಗೆಯಲ್ಲಿ ನಾವು ನಾಲ್ವರು ಅಕ್ಕಲಕೋಟ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಹನುಮಪ್ಪನ ಗುಡಿಯ ಗೋಡೆಗೆ ಒಂದು ಶಾಸನದ ಕಲ್ಲನ್ನು ಆನಿಸಿಟ್ಟಿದ್ದರು. ನಡುಮಧ್ಯಾಹ್ನದಲ್ಲಿ ನಲವತ್ತು ಚಿತ್ರ ತೆಗೆದುಕೊಂಡು ಬಂದೆವು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತ್ತು. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ ಅಕ್ಷರಗಳು ಬೆಣ್ಣೆಯ ಮೇಲೆ ಬರೆದಂತೆ ಕರಗಿಹೋಗಿದ್ದವು. ದೀಪಾವಳಿ ಮುಗಿದ ಮೇಲೆ ಮತ್ತೆ ಹೋದೆವು. ಅಷ್ಟರಲ್ಲಿ ಗುಡಿಯ ಜೀರ್ಣೋದ್ಧಾರವಾಗಿ, ಕಲ್ಲಿಗೂ ದಪ್ಪಗೆ ಆಯಿಲ್ ಪೇಂಟ್ ಬಳಿದಿದ್ದರು. ಭಕ್ತಿಯಿಂದ ಬಳಿದದ್ದು, ಯಾರನ್ನೂ ದೂರುವಂತಿಲ್ಲ. ತಪ್ಪು ನಮ್ಮದೇ. ಕೈಯಲ್ಲಿ ಕ್ಯಾಮೆರಾ ಇತ್ತು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

ಸೊಲ್ಲಾಪುರ ಜಿಲ್ಲೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಿಂದ ಬಂದ ಕನ್ನಡ ಶಾಸನಗಳು ಹಲವಾರಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಈ ಜಿಲ್ಲೆಯ ಶಾಸನಗಳನ್ನು ಓದಿ ಪುಸ್ತಕವನ್ನೇ ಹೊರತಂದಿದ್ದಾರೆ. ಅಂಥ ವಿದ್ವಾಂಸರು ಹಾಳೆ, ಮಸಿ ಹಿಡಿದು ಪಡಿಯಚ್ಚು ತೆಗೆಯುತ್ತಿದ್ದರು. ನಮ್ಮಂಥವರಿಗೆ ಆ ವಿದ್ಯೆ ಬಾರದು. ಒಳ್ಳೆಯ ಚಿತ್ರವನ್ನಾದರೂ ತೆಗೆದಿಡಬಹುದು. ಈಗ ಲಗ್ನದ ಸ್ಟುಡಿಯೋಗಳು ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿರುವುದರಿಂದ ಹಳೆಯ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಸೊಲ್ಲಾಪುರ, ವಳಸಂಗ, ಅಕ್ಕಲಕೋಟದ ನಮ್ಮ ಸದಸ್ಯರಲ್ಲಿ ಕೆಲವರು ಈಗಾಗಲೇ ಕೊಂಡಿದ್ದಾರೆ. ಕೊಂಡವರಿಗೂ ಕೊಳ್ಳುವವರಿಗೂ ಉಪಯೋಗವಾಗಲೆಂದು ಈ ಬರಹ.

ಮೆಗಾಪಿಕ್ಸೆಲ್ ಲೆಕ್ಕ

ಎಲ್ಲರೂ ಮೊದಲು ಕೇಳುವುದು "ಎಷ್ಟು ಮೆಗಾಪಿಕ್ಸೆಲ್?" ಎಂದು. ಒಂದು ಸಣ್ಣ ಲೆಕ್ಕ ಮಾಡೋಣ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ ಸುಮಾರು 6000 ಪಿಕ್ಸೆಲ್. 120 ಸೆಂಟಿಮೀಟರ್ ಎತ್ತರದ ಕಲ್ಲು ಆ ಉದ್ದವನ್ನು ಪೂರ್ತಿ ತುಂಬಿದರೆ ಒಂದು ಸೆಂಟಿಮೀಟರಿಗೆ 50 ಪಿಕ್ಸೆಲ್ ಬಂತು. ಉಳಿಯ ಗೆರೆ 2 ಮಿಲಿಮೀಟರ್ ಅಗಲವಿದ್ದರೆ ಅದಕ್ಕೆ 10 ಪಿಕ್ಸೆಲ್. 20 ವರ್ಷ ಹಳೆಯ 6 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೂ ಅದೇ ಗೆರೆಗೆ 5 ಪಿಕ್ಸೆಲ್ ಸಿಗುತ್ತದೆ. ಓದಲು ಅಷ್ಟು ಸಾಕು. ಅಂದರೆ ನಮ್ಮ ಅಕ್ಷರಗಳನ್ನು ಕೆಡಿಸಿದ್ದು ಮೆಗಾಪಿಕ್ಸೆಲ್ ಕೊರತೆಯಲ್ಲ. ಕೈ ನಡುಕ, ತಪ್ಪಿದ ಫೋಕಸ್, ಲೆನ್ಸಿನ ದೋಷ, ಹೆಚ್ಚಿದ ಐಎಸ್‌ಒ, ಹೊತ್ತಲ್ಲದ ಹೊತ್ತಿನ ಬೆಳಕು, ಇವು ಕೆಡಿಸಿದವು. ಪರೀಕ್ಷೆ ಮಾಡಬೇಕಾದದ್ದೂ ಇವನ್ನೇ.

ಪರೀಕ್ಷೆಗೆ ಮೊದಲು

ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. ಲೆನ್ಸಿನಲ್ಲಿ ನಡುಕ ತಡೆಯುವ ಗುಂಡಿಯಿದ್ದರೆ ಆರಿಸಿ. ಗುಂಡಿ ಒತ್ತುವಾಗ ಆಗುವ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಇಡಿ. ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ಮೇಲೇಳುವಾಗಲೂ ಕ್ಯಾಮೆರಾ ಸ್ವಲ್ಪ ಅದುರುತ್ತದೆ. ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಿ. ರಾ ಮತ್ತು ಜೆಪೆಗ್ ಎರಡನ್ನೂ ಉಳಿಸಿ. ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ನೋಡಿಯೇ ತೀರ್ಮಾನಕ್ಕೆ ಬನ್ನಿ. ಕ್ಯಾಮೆರಾದ ಪರದೆಯನ್ನು ನಂಬಿಯೇ ನಾವು ಕೆಟ್ಟದ್ದು.

1. ಅಕ್ಷರದ ಹಾಳೆ

ಪರೀಕ್ಷಾ ಕೇಂದ್ರಗಳಲ್ಲಿ ಗೆರೆಗಳ ಚಾರ್ಟ್ ಬಳಸುತ್ತಾರೆ. ನಮಗೆ ಕನ್ನಡ ಅಕ್ಷರಗಳೇ ಸಾಕು. ದ-ಧ, ಬ-ಭ, ಡ-ಢ ಇವುಗಳ ನಡುವಿನ ಅಂತರ ಒಂದು ಸಣ್ಣ ಸೀಳು; ರ-ಠ ನಡುವೆ ಒಂದು ಚುಕ್ಕೆ; ಪ-ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಈ ಅಕ್ಷರಗಳನ್ನು ಹಿಂದುಮುಂದಾಗಿ ಕಲಸಿ, ಸಾಲಿನಿಂದ ಸಾಲಿಗೆ ಚಿಕ್ಕದಾಗುವಂತೆ ಅಚ್ಚು ಹಾಕಿಸಿ. ಐದು ಪ್ರತಿ ಮಾಡಿ ಗೋಡೆಯ ಮೇಲೆ ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು ಅಂಟಿಸಿ. ಕ್ಯಾಮೆರಾ ಗೋಡೆಗೆ ನೇರವಾಗಿ ಎದುರಿರಲಿ.

ಹಾಳೆಯಲ್ಲಿ ಅರ್ಥವಿರುವ ಪದಗಳು ಬೇಡ. ಗೊತ್ತಿರುವ ಪದವನ್ನು ಕಣ್ಣಿಗಿಂತ ಮೊದಲು ಮನಸ್ಸು ಓದಿಬಿಡುತ್ತದೆ. "ವಳಸಂಗ" ಎಂದು ಬರೆದಿದ್ದರೆ, ಸೊನ್ನೆ ಅಳಿಸಿಹೋಗಿದ್ದರೂ ನಾವೆಲ್ಲ ವಳಸಂಗ ಎಂದೇ ಓದುತ್ತೇವೆ. ಕಲ್ಲಿನ ಮೇಲೆ ಏನಿದೆ ಎಂಬುದು ನಮಗೆ ಮೊದಲೇ ತಿಳಿದಿರುವುದಿಲ್ಲ. ಅಲ್ಲಿ ಅಕ್ಷರವೇ ಸಾಕ್ಷಿ. ಆದ್ದರಿಂದ ಹಾಳೆಯನ್ನು ಮೊದಲು ನೋಡಿರದ ಒಬ್ಬರಿಂದ ಚಿತ್ರ ಓದಿಸಿ, ಎಷ್ಟನೇ ಸಾಲಿನವರೆಗೆ ತಪ್ಪಿಲ್ಲದೆ ಓದಿದರು ಎಂದು ಬರೆದಿಡಿ.

ಎಫ್ 3.5, 5.6, 8, 11, 16 ಹೀಗೆ ಪ್ರತಿ ಅಪರ್ಚರ್‌ನಲ್ಲೂ ಒಂದೊಂದು ಚಿತ್ರ ತೆಗೆಯಿರಿ. ಕ್ಯಾಮೆರಾ ಜೊತೆ ಬರುವ 18–55 ಲೆನ್ಸುಗಳು ಪೂರ್ತಿ ತೆರೆದಾಗ ಮೂಲೆಗಳಲ್ಲಿ ಮಸುಕಾಗುತ್ತವೆ, ಎಫ್ 8ರ ಆಸುಪಾಸಿನಲ್ಲಿ ಚೆನ್ನಾಗಿ ಬರುತ್ತವೆ. ರಂಧ್ರ ಬಹಳ ಕಿರಿದಾದರೆ ಬೆಳಕು ಅಂಚಿನಲ್ಲಿ ಹರಡಿಕೊಂಡು ಎಫ್ 16ರಲ್ಲಿ ಚಿತ್ರವೆಲ್ಲ ಮತ್ತೆ ಮೆತ್ತಗಾಗುತ್ತದೆ. ಕ್ಯಾಮೆರಾ ಗೋಡೆಗೆ ನೇರವಾಗಿದ್ದೂ ಎಡಮೂಲೆ ಚೊಕ್ಕ, ಬಲಮೂಲೆ ಮಸುಕು ಎಂದಾದರೆ ಲೆನ್ಸಿನೊಳಗಿನ ಗಾಜು ಜರುಗಿರುವ ಸಂಭವವಿದೆ. ಬಿದ್ದೆದ್ದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಹಳೆಯದನ್ನು ಕೊಳ್ಳುವವರು ಇದನ್ನು ತಪ್ಪದೆ ನೋಡಿ.

2. ಫೋಕಸ್

ಅಳತೆಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಇಟ್ಟು, ಓರೆಯಾಗಿ ಮೇಲಿನಿಂದ, ಅಪರ್ಚರ್ ಪೂರ್ತಿ ತೆರೆದು, 15ರ ಅಂಕಿಗೆ ಫೋಕಸ್ ಮಾಡಿ ಚಿತ್ರ ತೆಗೆಯಿರಿ. ಚಿತ್ರದಲ್ಲಿ 14 ಅಥವಾ 16 ಹೆಚ್ಚು ಚೊಕ್ಕವಾಗಿದ್ದರೆ ಆಟೋಫೋಕಸ್ ಹಿಂದುಮುಂದಾಗಿದೆ ಎಂದರ್ಥ. ಕೆಲವು ಮಾದರಿಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸಬಹುದು. ಇಲ್ಲದಿದ್ದರೂ ಚಿಂತೆಯಿಲ್ಲ. ಕಲ್ಲು ಓಡಿಹೋಗುವುದಿಲ್ಲ! ಲೈವ್ ವ್ಯೂನಲ್ಲಿ ಒಂದು ಅಕ್ಷರವನ್ನು ಹತ್ತುಪಟ್ಟು ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ.

3. ಕತ್ತಲು ಮತ್ತು ಐಎಸ್‌ಒ

ಭೀಮಾ–ಸೀನಾ ಕೂಡುವ ಹತ್ತರಸಂಗ ಕುಡಲದ ಗುಡಿಯೊಳಗೆ ಹೋದವರಿಗೆ ಗೊತ್ತು, ಹೊರಗೆ ಉರಿಬಿಸಿಲಿದ್ದರೂ ಒಳಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಇಂಥಲ್ಲಿ ಕ್ಯಾಮೆರಾ ತಾನಾಗಿಯೇ ಐಎಸ್‌ಒ ಏರಿಸುತ್ತದೆ. ಅಕ್ಷರದ ಹಾಳೆಯನ್ನು ಮಂದ ಬೆಳಕಿನ ಕೋಣೆಯಲ್ಲಿ 100, 400, 1600, 3200, 6400ರಲ್ಲಿ ತೆಗೆದು ನೋಡಿ. ಐಎಸ್‌ಒ ಏರಿದಂತೆ ಮರಳು ಎರಚಿದಂಥ ಕಾಳು ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು, ಜೆಪೆಗ್ ಮಾಡುವಾಗ ಕ್ಯಾಮೆರಾ ಆ ಕಾಳನ್ನು ಒರೆಸಲು ಹೋಗಿ ಅಕ್ಷರದ ಗೆರೆಯನ್ನೂ ಒರೆಸುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ದ-ಧ ಭೇದ ಎಲ್ಲಿ ಅಳಿಯುತ್ತದೋ ಅಲ್ಲಿಗೆ ಅದರ ಮಿತಿ. ಟ್ರೈಪಾಡ್ ಇದ್ದರೆ ಐಎಸ್‌ಒ 100ರಲ್ಲೇ ಇಟ್ಟು ಶಟರನ್ನು ಒಂದೆರಡು ಸೆಕೆಂಡು ತೆರೆದಿಡುವುದು ಲೇಸು. ಕೈಯಲ್ಲೇ ಹಿಡಿಯಬೇಕಾದರೆ, ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ 55 ಮಿಲಿಮೀಟರ್ ಲೆನ್ಸಿಗೆ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕಿಂತ ನಿಧಾನ ಬೇಡ.

4. ಬಿಸಿಲು ಮತ್ತು ನೆರಳು

ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಂದಿಧ್ವಜ ಹೊತ್ತವರ ಬಿಳಿ ಬಾರಾಬಂದಿ ಚಿತ್ರದಲ್ಲಿ ಬರೀ ಬಿಳಿ ತೇಪೆಯಾಗಿ ಬಂದದ್ದನ್ನು ಹಲವರು ಕಂಡಿರುತ್ತೀರಿ. ಬಾಗಿಲ ಹೊರಗೆ ಬಿಸಿಲಿಗೆ ಬಿಳಿ ಪಂಚೆ ಹರವಿ, ಬಾಗಿಲ ಒಳಗೆ ನೆರಳಲ್ಲಿ ಕರಿ ಕಂಬಳಿ ಇಟ್ಟು ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆಯಿರಿ. ಪಂಚೆಯ ಮಡಿಕೆ ಕಾಣುವಷ್ಟು ಬೆಳಕು ತಗ್ಗಿಸಿ, ಆಮೇಲೆ ಕಂಪ್ಯೂಟರಿನಲ್ಲಿ ರಾ ಫೈಲಿನ ನೆರಳನ್ನು ಮೇಲೆತ್ತಿ ಕಂಬಳಿಯ ಎಳೆ ಕಾಣುತ್ತದೆಯೇ ನೋಡಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ನೆರಳಲ್ಲಿ ಅಡಗಿದ ಸಾಲನ್ನು ಹೊರತೆಗೆಯಲು ಈ ಮೆಟ್ಟಿಲುಗಳೇ ಆಸರೆ.

5. ಬಣ್ಣ, ಬಟ್ಟೆ, ಧೂಳು

ಇಳಕಲ್ ಸೀರೆಯ ಕೆಂಪು ಸೆರಗನ್ನು ಬಿಸಿಲಲ್ಲಿ ಒಮ್ಮೆ, ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ತೆಗೆದು ಹೋಲಿಸಿ. ಬಣ್ಣ ಬೇರೆಯಾದರೆ ವೈಟ್ ಬ್ಯಾಲೆನ್ಸ್ ಕೈಯಿಂದ ಹೊಂದಿಸಬೇಕು. ಸೊಲ್ಲಾಪುರದ ಚಾದರವನ್ನು ತುಸು ದೂರದಿಂದ ತೆಗೆಯಿರಿ. ನೇಯ್ಗೆಯ ಮೇಲೆ ಇಲ್ಲದ ಬಣ್ಣದ ಅಲೆಗಳು ಎದ್ದರೆ, ಅದು ನೇಯ್ಗೆಯ ಎಳೆಗೂ ಸೆನ್ಸರಿನ ಪಿಕ್ಸೆಲ್ ಸಾಲಿಗೂ ಆಗುವ ತಿಕ್ಕಾಟ. 2012ರ ನಂತರದ ಕೆಲವು ಮಾದರಿಗಳಲ್ಲಿ ಸೆನ್ಸರಿನ ಮುಂದಿನ ಮಸುಕು ಪದರವನ್ನು ತೆಗೆದಿರುವುದರಿಂದ ಚಿತ್ರ ಚೊಕ್ಕ, ಆದರೆ ಈ ಅಲೆ ಹೆಚ್ಚು. ಕಲ್ಲಿಗೆ ತೊಂದರೆಯಿಲ್ಲ, ಸೀರೆ ವ್ಯಾಪಾರಿಗಳಿಗೆ ಉಂಟು. ಕೊನೆಗೆ ಎಫ್ 22ರಲ್ಲಿ ಬಿಳಿ ಗೋಡೆಯನ್ನು ತೆಗೆಯಿರಿ. ಕಪ್ಪು ಕಲೆಗಳು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿದ್ದರೆ ಸೆನ್ಸರಿಗೆ ಧೂಳು ಕೂತಿದೆ. ಶಾಸನದ ಚಿತ್ರದಲ್ಲಿ ಅಂಥದೊಂದು ಕಲೆ ಸೊನ್ನೆಯಂತೆ ಕಂಡು ಓದುವವರ ದಾರಿ ತಪ್ಪಿಸಬಹುದು.

ಕೊನೆಯ ಪರೀಕ್ಷೆ ಬೆಳಕಿನದು

ಎಲ್ಲ ಪರೀಕ್ಷೆಗಳಲ್ಲಿ ಪಾಸಾದ ಕ್ಯಾಮೆರಾ ಕೂಡ ನಡುಮಧ್ಯಾಹ್ನ ನೆರಳಿಲ್ಲದ ಕಲ್ಲಿನ ಮುಂದೆ ಸೋಲುತ್ತದೆ. ಕೊರೆದ ಅಕ್ಷರ ಕಾಣುವುದು ಅದರ ಗುಳಿಯಲ್ಲಿ ಬಿದ್ದ ನೆರಳಿನಿಂದ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಕಲ್ಲಿನ ಮೈಯನ್ನು ಸವರುತ್ತ ಓರೆಯಾಗಿ ಬೀಳುವಾಗ ಹೋಗಿ. ಗುಡಿಯೊಳಗಾದರೆ ಒಬ್ಬರು ಟಾರ್ಚನ್ನು ಓರೆಯಾಗಿ, ಒಮ್ಮೆ ಕಲ್ಲಿನ ಪಕ್ಕದಿಂದ ಒಮ್ಮೆ ಮೇಲಿನಿಂದ ಹಿಡಿಯಲಿ. ಬೆಳಕಿನ ದಿಕ್ಕಿಗೆ ಸಮನಾದ ಗೆರೆ ಒಂದು ಚಿತ್ರದಲ್ಲಿ ಮರೆಯಾದರೆ ಇನ್ನೊಂದರಲ್ಲಿ ಸಿಗುತ್ತದೆ. ಕಲ್ಲಿನ ಪಕ್ಕ ಅಳತೆಪಟ್ಟಿ ಇರಲಿ. ಊರು, ಜಾಗ, ದಿನಾಂಕ ಬರೆದಿಡಿ. ಹೋದ ಕೂಡಲೆ ಗುಡಿಯ ಹಿರಿಯರನ್ನು ಕೇಳಿ; ಕಲ್ಲಿನಲ್ಲಿ ಏನಿದೆ ಎಂದು ತಿಳಿದವರು ಅದರ ಮೇಲೆ ಬಣ್ಣ ಬಳಿಯಲು ಎರಡು ಸಲ ಯೋಚಿಸುತ್ತಾರೆ.

ಮುಂದಿನ ತಿಂಗಳ ಸಭೆಗೆ ಬರುವವರು ತಮ್ಮ ಕ್ಯಾಮೆರಾ ತನ್ನಿ. ಅಕ್ಷರದ ಹಾಳೆಗಳನ್ನು ನಾವು ಗೋಡೆಗೆ ಅಂಟಿಸಿರುತ್ತೇವೆ. ಎಲ್ಲರೂ ಕೂಡಿ ಪರೀಕ್ಷೆ ಮಾಡೋಣ. ನಿಮ್ಮೂರಿನಲ್ಲಿ ಇನ್ನೂ ಬಣ್ಣ ಕಾಣದ ಕಲ್ಲು ಇದ್ದರೆ ಹೇಳಿ, ಆ ಊರಿಗೇ ಮೊದಲು ಹೊರಡೋಣ.