ಕಡಲ ಹೂವು

ಕಡಲ ಹೂವಿಗೆ ಬೇರಿಲ್ಲ, ಎಲೆಯಿಲ್ಲ, ಪರಿಮಳವಿಲ್ಲ. ಅದಕ್ಕೊಂದು ಬಾಯಿಯಿದೆ, ಬಾಯಿಯ ಸುತ್ತ ಎಸಳುಗಳಂತೆ ತೋರುವ ಬೆರಳುಗಳಿವೆ, ಆ ಬೆರಳುಗಳ ತುಂಬ ಚುಚ್ಚುವ ವಿಷಕಣಗಳಿವೆ. ಪ್ರಾಣಿಯೊಂದಕ್ಕೆ ಹೂವಿನ ಹೆಸರಿಟ್ಟವರು ಅದನ್ನು ಕಂಡು ಮರುಳಾದವರೇ ಇರಬೇಕು. ಇಂಗ್ಲಿಷಿನ 'ಅನಿಮೋನ್' ಎಂಬುದೂ ಮೊದಲಿಗೆ ನೆಲದ ಹೂವೊಂದರ ಹೆಸರು. ಗಾಳಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದೆಂದು ನಿಘಂಟುಕಾರರು ಹೇಳುತ್ತಾರೆ. ಹೀಗೆ ಹೆಸರಿನಲ್ಲಿಯೇ ಭ್ರಾಂತಿಯನ್ನು ಹೊತ್ತ ಈ ಜೀವಿಯನ್ನು ನಾನು ಹೂವಿನಂತೆಯೇ ಮನೆಗೆ ತಂದು, ಹೂವಿನಂತೆಯೇ ಬಾಡಿಸಿದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ.

ಕಳೆದ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನದಿಂದ ಕೈಸೇರಿದ ಹಣವನ್ನು ಎಂದಿನಂತೆ ಪುಸ್ತಕದಂಗಡಿಗೆ ಒಯ್ಯಲಿಲ್ಲ. ಮಗಳ ಬಹುದಿನದ ಬೇಡಿಕೆಗೆ ಸೋತು 200 ಲೀಟರು ಹಿಡಿಸುವ ಗಾಜಿನ ತೊಟ್ಟಿಯೊಂದನ್ನು ಹಜಾರದಲ್ಲಿ ಇರಿಸಿದೆ. ನಮ್ಮದು ಘಟ್ಟದ ಮೇಲಿನ ಊರು, ಕಡಲು ದೂರ. ಆದುದರಿಂದ ಕಡಲನ್ನು ನಾವೇ ಕಲಸಿಕೊಳ್ಳಬೇಕಾಯಿತು. ಲೀಟರಿಗೆ ಸುಮಾರು 35 ಗ್ರಾಮಿನ ಲೆಕ್ಕದಲ್ಲಿ, ಅದಕ್ಕೆಂದೇ ತಯಾರಾದ ಉಪ್ಪನ್ನು ನಲ್ಲಿಯ ನೀರಿನಲ್ಲಿ ಕರಗಿಸಿದೆವು. ತಳಕ್ಕೆ ಮರಳು ಹರಡಿ, ತೂತುತೂತಾದ ಕಲ್ಲುಗಳನ್ನು ಜೋಡಿಸಿ, ನೀರನ್ನು ಆಡಿಸುವ ಪಂಪನ್ನೂ ಬೆಳಕಿಗೆ ದೀಪವನ್ನೂ ಹೂಡಿದೆವು. ಹತ್ತೊಂಬತ್ತನೆಯ ದಿನ ಬಿಳಿಯ ಪಟ್ಟೆಯ ಎರಡು ಕಿತ್ತಳೆಬಣ್ಣದ ಕ್ಲೌನ್ ಮೀನುಗಳೂ, ಜೊತೆಗೊಂದು ಕಡಲ ಹೂವೂ ಬಂದವು. ಇಷ್ಟು ಬೇಗ ಬೇಡವೆಂದು ಅಂಗಡಿಯವನು ಒಂದು ಮಾತು ಹೇಳಿದ್ದ. ನಾನು ಕೇಳಲಿಲ್ಲ.

ಮೊದಲ ಸಂಜೆಯ ಸೊಗಸನ್ನು ಮರೆಯಲಾರೆ. ಹೂವು ತನ್ನ ಪಾದವನ್ನು ಕಲ್ಲಿನ ಸಂದಿಗೆ ಒತ್ತಿ ನಿಂತು, ಮೆಲ್ಲಮೆಲ್ಲನೆ ಬೆರಳು ಬಿಚ್ಚಿತು. ರಾತ್ರಿಯಾಗುವ ಮೊದಲೇ ಮೀನುಗಳೆರಡೂ ಆ ವಿಷದ ಹಾಸಿಗೆಯಲ್ಲಿ ಹೊರಳಾಡಿದವು. ಅವುಗಳ ಮೈಮೇಲಿನ ಲೋಳೆಯೇ ಅವಕ್ಕೆ ಕವಚ. ಮೀನು ಹೂವನ್ನು ಕಾಯುತ್ತದೆ, ಹೂವು ಮೀನನ್ನು ಕಾಯುತ್ತದೆ. ಕಾವ್ಯಮೀಮಾಂಸೆಯ ಪಾಠವನ್ನು ಮರುದಿನಕ್ಕೆ ಸಿದ್ಧಪಡಿಸಿಕೊಳ್ಳದೆ ನಾನು ಹನ್ನೊಂದು ಗಂಟೆಯವರೆಗೂ ಅಲ್ಲಿಯೇ ಕುಳಿತಿದ್ದೆ.

ಆಮೇಲೆ ಪಾಚಿ ಬಂದಿತು. ಮೊದಲು ಮರಳಿನ ಮೇಲೆ ಕಂದುಬಣ್ಣದ ಧೂಳಿನಂತೆ. ಒರಸಿದರೆ ಮರುದಿನ ಮತ್ತೆ. ವಾರ ಕಳೆಯುವಷ್ಟರಲ್ಲಿ ಕಲ್ಲುಗಳ ಮೇಲೆ ಹಸುರು ಕೂದಲು ಇಳಿಬಿಟ್ಟಿತು. ನಮ್ಮ ಕಾವ್ಯಗಳಲ್ಲಿ ಶೈವಲಕ್ಕೆ ಅಪಮಾನವಿಲ್ಲ; ತಾವರೆಯ ನೆರೆಯಲ್ಲಿ ಅದಕ್ಕೂ ಶೋಭೆಯುಂಟು. ಆದರೆ ಹಜಾರಕ್ಕೆ ಬಂದ ನೆಂಟರೆದುರು ಅದು ಕೊಳೆಯಾಗಿಯೇ ಕಂಡಿತು. ಬೆಳಕಿಲ್ಲದೆ ಯಾವ ಹಸುರು ಬದುಕೀತು? ಹೀಗೆ ತರ್ಕಿಸಿ ದೀಪವನ್ನು ಒಂದು ವಾರ ಆರಿಸಿದೆ. ಕಿಟಕಿಗೂ ಪರದೆ ಎಳೆದೆ.

ಪಾಚಿ ಸೊರಗಿತು. ಹೂವೂ ಸೊರಗಿತು. ಅದರ ಕಂದುಬಣ್ಣ ದಿನದಿನಕ್ಕೆ ಇಳಿದು ಮೈ ಬಿಳಿಚಿತು. ಪಾದವನ್ನು ಕಲ್ಲಿನಿಂದ ಬಿಡಿಸಿಕೊಂಡು ತೊಟ್ಟಿಯಲ್ಲೆಲ್ಲ ಅಲೆಯತೊಡಗಿತು. ನೆಲೆ ಹಿತವಾಗದಾಗ ಕಡಲ ಹೂವು ನಡೆಯುತ್ತದೆಂಬುದು ಆಗ ತಿಳಿಯಿತು. ಒಂದು ಬೆಳಗ್ಗೆ ಬಾಯಿ ತೆರೆದು ಬಿದ್ದಿದ್ದ ಅದನ್ನು ಕಂಡು ಮಗಳು ನನ್ನನ್ನು ಎಬ್ಬಿಸಿದಳು. ಅಂದಿನ ದುರ್ಗಂಧವನ್ನು ವರ್ಣಿಸುವುದು ಬೇಡ. ಸತ್ತ ಹೂವು ಕರಗಿ ನೀರನ್ನೆಲ್ಲ ಕೆಡಿಸಿತು. ಸಂಜೆಯ ಹೊತ್ತಿಗೆ ಒಂದು ಮೀನೂ ಹೋಯಿತು. "ದೀಪ ಹಾಕಬೇಕಾಗಿತ್ತು ಅಪ್ಪ," ಎಂದಳು ಮಗಳು. ಅಷ್ಟೇ, ಮತ್ತೇನನ್ನೂ ಹೇಳಲಿಲ್ಲ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಡನೆ ಈ ಸಂಗತಿಯನ್ನು ಹೇಳಿಕೊಂಡೆ.

"ನೀರು ತುಂಬಿ ಎಷ್ಟು ದಿನವಾಗಿತ್ತು, ಮೇಷ್ಟ್ರೆ?"

"ಹತ್ತೊಂಬತ್ತು."

"ಹಸಿ ಬಾಣಂತಿಯ ಮನೆಗೆ ದಿಬ್ಬಣವನ್ನು ಕರೆದಿರಿ. ದೀಪವನ್ನೇಕೆ ಆರಿಸಿದಿರಿ?"

"ಪಾಚಿ ಸಾಯಲೆಂದು."

ಅವರು ಕೊಂಚ ಹೊತ್ತು ಸುಮ್ಮನಿದ್ದು, "ಹೂವಿನ ಮೈಯೊಳಗೂ ಪಾಚಿಯೇ ಇರುವುದು, ಮೇಷ್ಟ್ರೆ," ಎಂದರು.

ಅವರು ವಿವರಿಸಿದ್ದು ಇದು. ಉಷ್ಣವಲಯದ ಇಂತಹ ಹೂವುಗಳ ಅಂಗಾಂಶದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಕಣಗಳು ಒಕ್ಕಲಿರುತ್ತವೆ. ಬೆಳಕಿನಿಂದ ಅವು ಅಡುಗೆ ಮಾಡುತ್ತವೆ. ಹೂವು ಆ ಅಡುಗೆಯಲ್ಲಿ ಪಾಲುಣ್ಣುತ್ತದೆ. ಅದರ ಕಂದುಬಣ್ಣವೆಂಬುದು ಈ ಒಕ್ಕಲಿನ ಬಣ್ಣ. ಹೊರಗಿನ ಪಾಚಿಯ ಮೇಲಿನ ಹಗೆಯಿಂದ ನಾನು ಒಳಗಿನ ಪಾಚಿಯ ಒಲೆಯನ್ನು ಆರಿಸಿದ್ದೆ. ಅದಕ್ಕೂ ಮೊದಲೇ ನೀರು ಹಸಿಯಾಗಿದ್ದಿತು. ಜೀವಿಗಳ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆ ಅದನ್ನು ಅಷ್ಟು ವಿಷವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ಕಲ್ಲುಮರಳುಗಳಲ್ಲಿ ಮನೆಮಾಡಲು ನಾಲ್ಕಾರು ವಾರ ಬೇಕು. ಕಡಲ ಹೂವಿಗಂತೂ ಆರು ತಿಂಗಳಾದರೂ ಹಳತಾದ ನೀರು ಲೇಸೆಂಬುದು ಅನುಭವಿಗಳ ಮಾತು.

ಆ ದಿನಗಳಲ್ಲಿ ಓದಿದ ಒಂದು ವೃತ್ತಾಂತ ನನ್ನನ್ನು ಇನ್ನೂ ಬಿಟ್ಟಿಲ್ಲ. 1828ರಲ್ಲಿ ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯೆಲ್ ಎಂಬ ನ್ಯಾಯವಾದಿ ನಾರ್ತ್ ಬೆರಿಕ್ಕಿನ ಬಂಡೆಗಳಿಂದ ಒಂದು ಕಡಲ ಹೂವನ್ನು ಎಡಿನ್‌ಬರೋದ ತನ್ನ ಮನೆಗೆ ತಂದ. ಪಂಪಿಲ್ಲ, ವಿದ್ಯುದ್ದೀಪವಿಲ್ಲ, ಒಂದು ಗಾಜಿನ ಜಾಡಿ, ಕಡಲಿನಿಂದ ತರಿಸಿ ಮತ್ತೆ ಮತ್ತೆ ಬದಲಿಸುವ ನೀರು, ಆಗಾಗ ಒಂದು ತುಣುಕು ಚಿಪ್ಪುಮೀನು. 1851ರಲ್ಲಿ ಡಾಲಿಯೆಲ್ ತೀರಿಕೊಂಡ, ಹೂವು ಉಳಿಯಿತು. ಅದು ಪ್ರೊಫೆಸರ್ ಫ್ಲೆಮಿಂಗರ ಕೈಗೆ ಬಂದಿತು. 1857ರಲ್ಲಿ ಅವರೂ ಹೋದರು. ಬಳಿಕ ವೈದ್ಯ ಮೆಕ್‌ಬೇನ್, ಅನಂತರ ಸಸ್ಯೋದ್ಯಾನದ ಸ್ಯಾಡ್ಲರ್, ಕೊನೆಗೆ ಲಿಂಡ್ಸೆ. ಜನ ಅದನ್ನು 'ಅಜ್ಜಿ' ಎಂದು ಕರೆದರು. ನೂರಾರು ಮರಿಗಳನ್ನು ಈದ ಅಜ್ಜಿ. 1887ರಲ್ಲಿ ಅದು ಸತ್ತಾಗ ಜಾಡಿಯ ಬಾಳಿಗೆ 59 ವರ್ಷ ತುಂಬಿದ್ದಿತು. ಅದು ತಣ್ಣೀರಿನ ಗಟ್ಟಿ ಜಾತಿ, ಮೈಯೊಳಗೆ ಪಾಚಿಯ ಒಕ್ಕಲಿಲ್ಲದ್ದು ಎಂಬುದು ನಿಜ. ನನ್ನ ಹೂವಿಗೆ ಅದನ್ನು ಹೋಲಿಸುವುದು ನ್ಯಾಯವಲ್ಲ. ಆದರೆ ಹೋಲಿಸಬೇಕಾದುದು ಹೂವುಗಳನ್ನಲ್ಲ, ಕೈಗಳನ್ನು. ಐದು ಜನ ಒಬ್ಬರಾದ ಮೇಲೊಬ್ಬರು ನೀರು ಬದಲಿಸಿದರು. ಒಬ್ಬನ ಬೇಸರವಾದರೂ ಅಜ್ಜಿಯನ್ನು ಕೊಲ್ಲಬಹುದಾಗಿದ್ದಿತು.

ಪಾಚಿಯ ಚಿಂತೆಯೂ ಹೊಸತಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ತೊಟ್ಟಿಯಲ್ಲಿ ಮೀನನ್ನೂ ಗಿಡವನ್ನೂ ಒಟ್ಟಿಗಿಟ್ಟಾಗ, ಕೊಳೆತ ಎಲೆಗಳೂ ಹಸುರು ಲೋಳೆಯೂ ನೀರನ್ನು ಕೆಡಿಸಿದವು. ಅವನು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆಯನ್ನು ಮೇಯ್ದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಅವನು ಇದನ್ನು ಪ್ರಕಟಿಸಿದ. ಪಾಚಿ ಶತ್ರುವಲ್ಲ, ಲೆಕ್ಕ ತಪ್ಪಿದುದರ ಸೂಚನೆ ಎಂಬುದು ಅದರ ಸಾರ. ಕಂದುಪಾಚಿಗೆ ನಲ್ಲಿಯ ನೀರಿನ ಸಿಲಿಕೇಟು ಮೇವು; ಅದು ತೀರಿದರೆ ತಾನೇ ಅಡಗುತ್ತದೆ. ಹಸುರುಕೂದಲಿಗೆ ನೈಟ್ರೇಟು ಮತ್ತು ಫಾಸ್ಫೇಟು ಮೇವು. ಅವು ಬರುವುದು ಹೆಚ್ಚಾಗಿ ನಮ್ಮ ಅತಿಯಾದ ಉಪಚಾರದಿಂದ. ಈಗ ನಾನು ಶೋಧಿಸಿದ ನೀರಿನಲ್ಲಿಯೇ ಉಪ್ಪು ಕಲಸುತ್ತೇನೆ. ಉಳಿದ ಒಂದು ಮೀನಿಗೆ ಅದು ತಿನ್ನುವಷ್ಟನ್ನೇ ಹಾಕುತ್ತೇನೆ. ದೀಪ ದಿನಕ್ಕೆ ಎಂಟು ಗಂಟೆ ಉರಿಯುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರತಿ ಭಾನುವಾರ 20 ಲೀಟರು ಹಳೆಯ ನೀರನ್ನು ತೆಗೆದು ಹೊಸತನ್ನು ತುಂಬುತ್ತೇವೆ. ಕೂದಲನ್ನು ಕೈಯಿಂದ ಕಿತ್ತು, ಮಿಕ್ಕುದನ್ನು ಆರು ಬಸವನಹುಳುಗಳಿಗೆ ಬಿಟ್ಟಿದ್ದೇವೆ.

ಹೂವನ್ನು ಮತ್ತೆ ತರಬೇಕೇ ಎಂಬ ಪ್ರಶ್ನೆಯೊಂದು ಉಳಿಯಿತು. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ 'ದಿ ಅಕ್ವೇರಿಯಂ' ಎಂಬ ಸೊಗಸಾದ ಪುಸ್ತಕವನ್ನು ಬರೆದ. ಅದನ್ನು ಓದಿದವರು ಬುಟ್ಟಿ ಹಿಡಿದು ಇಂಗ್ಲೆಂಡಿನ ಕಡಲತಡಿಗೆ ನುಗ್ಗಿದರು. ಅವನ ಮಗ ಎಡ್ಮಂಡ್ ಗಾಸ್ 1907ರ ತನ್ನ ಆತ್ಮಕಥನದಲ್ಲಿ ಆ ಬಂಡೆಮಡುಗಳು ಬರಿದಾದುದನ್ನು ನೆನೆದು ಮರುಗುತ್ತಾನೆ. ತಂದೆಯ ಪ್ರೀತಿಯೇ ಅದಕ್ಕೆ ಕಾರಣವಾಯಿತೆಂಬ ನೋವು ಆ ಪುಟಗಳಲ್ಲಿದೆ. ಅದನ್ನೋದಿದ ಮೇಲೆ ಕಡಲಿನಿಂದ ಕಿತ್ತು ತಂದ ಹೂವು ಬೇಡವೆಂದು ನಾನೂ ಮಗಳೂ ನಿಶ್ಚಯಿಸಿದೆವು. ಬೆರಳ ತುದಿ ಗುಳ್ಳೆಯಂತೆ ಉಬ್ಬುವ ಒಂದು ಜಾತಿ ತೊಟ್ಟಿಯಲ್ಲಿಯೇ ತಾನಾಗಿ ಸೀಳಿ ಎರಡಾಗುತ್ತದೆ. ಅಂತಹದೊಂದನ್ನು ಸಾಕಿರುವ ಗೆಳೆಯರೊಬ್ಬರು, ಅದು ಇಬ್ಭಾಗವಾದ ದಿನ ಒಂದನ್ನು ಕೊಡುವೆನೆಂದಿದ್ದಾರೆ.

ಈಗ ಏಳನೆಯ ತಿಂಗಳು. ಕಳೆದ ಭಾನುವಾರ ನೀರು ಬದಲಿಸುವಾಗ ಕಲ್ಲಿನ ಮಗ್ಗುಲಲ್ಲಿ ನಸುಗೆಂಪು ಚುಕ್ಕೆಗಳನ್ನು ಮಗಳು ತೋರಿಸಿದಳು. ಅದೂ ಒಂದು ಪಾಚಿಯೇ. ಸುಣ್ಣಗಟ್ಟಿ ಕಲ್ಲಿಗೆ ಅಂಟಿಕೊಳ್ಳುವ ಬಗೆ, ನೀರು ಹದಕ್ಕೆ ಬರುತ್ತಿರುವುದರ ಗುರುತು. ಕೈಯಲ್ಲಿದ್ದ ಕುಂಚವನ್ನು ನಾನು ಕೆಳಗಿಟ್ಟೆ.